6×6ರಿಂದ 6×17 ತನಕದ ನೆಗೆಟಿವ್‌ಗಳಿಗೆ ಯಾವ ಸ್ಕ್ಯಾನರ್?

ಉದ್ದಚೌಕಟ್ಟು

ಸ್ಕ್ಯಾನ್ ಆಗಬೇಕಾದ ನೆಗೆಟಿವ್‌ಗಳು ನಾಲ್ಕು ಅಳತೆಯವು. 120 ಅನ್ನುವ ಅಗಲದ ಫಿಲ್ಮಿನಲ್ಲಿ 6×6, 6×9 ಮತ್ತು 6×17 ಸೆಂ.ಮೀ. 35 ಮಿ.ಮೀ. ಫಿಲ್ಮಿನಲ್ಲಿ ಎಕ್ಸ್‌ಪ್ಯಾನ್ ಕ್ಯಾಮೆರಾದ 24×65 ಮಿ.ಮೀ. ಪನೋರಮಾ. ಮುಕ್ಕಾಲು ಪಾಲು ಕಪ್ಪುಬಿಳುಪು, ಉಳಿದದ್ದು ಕಲರ್ ನೆಗೆಟಿವ್, ಸ್ಲೈಡ್ ಬೆರಳೆಣಿಕೆಯಷ್ಟು.

ಚೌಕದ ಚಿತ್ರಗಳನ್ನು 40 ಸೆಂ.ಮೀ. ಅಳತೆಗೂ, ಎರಡೂ ಬಗೆಯ ಪನೋರಮಾಗಳನ್ನು ಒಂದು ಮೀಟರ್ ಉದ್ದಕ್ಕೂ ಪ್ರಿಂಟ್ ಮಾಡಿಸುವ ಉದ್ದೇಶ. ಎಪ್ಸನ್ ವಿ850 (ಗಾಜಿನ ಹಾಸಿನ ಫ್ಲಾಟ್‌ಬೆಡ್ ಸ್ಕ್ಯಾನರ್), ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ 120, ಸೆಕೆಂಡ್ ಹ್ಯಾಂಡ್ ನಿಕಾನ್ ಕೂಲ್‌ಸ್ಕ್ಯಾನ್ 9000, ಇಲ್ಲವೇ ಡಿಜಿಟಲ್ ಕ್ಯಾಮೆರಾದಲ್ಲೇ ಕಾಪಿ ತೆಗೆಯುವುದು. ಈ ನಾಲ್ಕರಲ್ಲಿ ಯಾವುದು ಸರಿ? ಎಪ್ಸನ್‌ನದು 6400 ಡಿಪಿಐ, ನಿಕಾನ್‌ನದು 4000. ಹಾಗಾದರೆ ಎಪ್ಸನ್ ಮೇಲು ಅಂತ ಲೆಕ್ಕ ಹಿಡಿಯಬಹುದೇ?

ಬೆಳ್ಳಿಹರಳು

ಕೊನೆಯ ಪ್ರಶ್ನೆ ಮೊದಲು. ಹಿಡಿಯಬಾರದು. ಡಬ್ಬದ ಮೇಲಿರುವ ಡಿಪಿಐ ಅಂದರೆ ಸೆನ್ಸರ್ ಒಂದು ಇಂಚಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವ ಎಣಿಕೆ ಮಾತ್ರ. ಮುಂದಿರುವ ಲೆನ್ಸ್ ಅಷ್ಟು ವಿವರವನ್ನು ಸೆನ್ಸರ್‌ಗೆ ತಲುಪಿಸುತ್ತದೆಯೇ ಅನ್ನುವುದು ಬೇರೆಯೇ ಮಾತು. ಅದನ್ನು ಅಳೆಯಲು ಯುಎಸ್‌ಎಎಫ್ 1951 ಟೆಸ್ಟ್ ಟಾರ್ಗೆಟ್ ಇದೆ: ಗಾಜಿನ ಮೇಲೆ ಮೂರು ಮೂರು ಗೆರೆಗಳ ಗುಂಪುಗಳು, ಹೋಗುತ್ತಾ ಹೋಗುತ್ತಾ ಸಣ್ಣದಾಗುತ್ತವೆ. ಗೆರೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಕಾಣುವ ಕೊನೆಯ ಗುಂಪು ಯಾವುದೋ ಅದೇ ಆ ಸ್ಕ್ಯಾನರಿನ ನಿಜವಾದ ಶಕ್ತಿ. ಮಿಲಿಮೀಟರಿಗೆ ಎಷ್ಟು ಗೆರೆಜೋಡಿ ಅನ್ನುವುದನ್ನು 50.8ರಿಂದ ಗುಣಿಸಿದರೆ ಡಿಪಿಐ ಬರುತ್ತದೆ. 5ನೇ ಗುಂಪಿನ 4ನೇ ಅಂಶ 45.3 ಗೆರೆಜೋಡಿ, ಅಂದರೆ ಸುಮಾರು 2300 ಡಿಪಿಐ. ಎಪ್ಸನ್ ವಿ700, ವಿ750, ವಿ800, ವಿ850 ನಾಲ್ಕೂ ಚೆನ್ನಾಗಿ ಫೋಕಸ್ ಹೊಂದಿಸಿದಾಗ ನಿಲ್ಲುವುದು ಹೆಚ್ಚುಕಡಿಮೆ ಅಲ್ಲೇ. ವಿ600 ಇನ್ನೂ ಕೆಳಗೆ, 1600ರ ಆಸುಪಾಸು. ಕೂಲ್‌ಸ್ಕ್ಯಾನ್ 9000 ತಾನು ಹೇಳಿಕೊಳ್ಳುವ 4000ಕ್ಕೆ ತೀರಾ ಹತ್ತಿರ ಬರುತ್ತದೆ.

ಈಗ ಪ್ರಿಂಟಿನಿಂದ ಹಿಂದಕ್ಕೆ ಲೆಕ್ಕ ಮಾಡಿ. 300 ಡಿಪಿಐ ಪ್ರಿಂಟ್ ಅಂತ ಇಟ್ಟುಕೊಳ್ಳೋಣ.

6×6ರ ನಿಜವಾದ ಚೌಕಟ್ಟು 56×56 ಮಿ.ಮೀ. 40 ಸೆಂ.ಮೀ. ಪ್ರಿಂಟಿಗೆ 4724 ಪಿಕ್ಸೆಲ್ ಬೇಕು, ಅಂದರೆ ನೆಗೆಟಿವ್ ಮೇಲೆ ಸುಮಾರು 2140 ಡಿಪಿಐ.

6×17ರ ಚೌಕಟ್ಟು 56×168 ಮಿ.ಮೀ. ಒಂದು ಮೀಟರಿಗೆ 11811 ಪಿಕ್ಸೆಲ್. ನೆಗೆಟಿವ್ ಮೇಲೆ 1790 ಡಿಪಿಐ ಸಾಕು!

ಎಕ್ಸ್‌ಪ್ಯಾನ್ 65 ಮಿ.ಮೀ. ಅದೇ ಒಂದು ಮೀಟರಿಗೆ 4615 ಡಿಪಿಐ. ಪ್ರಿಂಟನ್ನು 200 ಡಿಪಿಐಗೆ ಇಳಿಸಿದರೂ 3080 ಬೇಕು.

ಎಲ್ಲರೂ 6×17 ನೋಡಿ ಹೆದರುತ್ತಾರೆ. ವಿವರದ ಮಟ್ಟಿಗೆ ಅದು ಅತ್ಯಂತ ಸುಲಭದ ಮಾಪ. ಕಷ್ಟ ಕೊಡುವುದು 35 ಮಿ.ಮೀ. ಪನೋರಮಾ. ನಿಮ್ಮ ಆಯ್ಕೆ ನಿಂತಿರುವುದು ಅದರ ಮೇಲೆ. 6×17ರ ತೊಂದರೆ ಬೇರೆ: ಅದು ಯಾವ ಸ್ಕ್ಯಾನರಿನೊಳಗೆ ಹಿಡಿಸುತ್ತದೆ, ಹಿಡಿಸಿದ ಮೇಲೆ ಚಪ್ಪಟೆಯಾಗಿ ಕೂರುತ್ತದೆಯೇ ಅನ್ನುವುದು.

ಕೆಂಪುದೀಪ

ಮೇಲಿನ ಲೆಕ್ಕ ಸರಿ. ಯಾವುದರಲ್ಲಿ ಯಾವ ಅಳತೆ ಹಿಡಿಸುತ್ತದೆ ಅನ್ನುವುದನ್ನು ಸೇರಿಸುತ್ತೇನೆ.

ಕೂಲ್‌ಸ್ಕ್ಯಾನ್ 8000, 9000 ಎರಡರಲ್ಲೂ ಒಂದು ಸಲಕ್ಕೆ 6×9 ಮಾತ್ರ, ಅಂದರೆ 84 ಮಿ.ಮೀ. ಸುಮಾರು. 6×12 ಆದರೆ ಎರಡು ತುಂಡು, ನಡುವೆ ಧಾರಾಳವಾಗಿ ಹೊಂದಾಣಿಕೆ ಸಿಗುತ್ತದೆ. 6×17ಕ್ಕೆ ಎರಡು ಸಾಲದು. 84ರ ಎರಡರಷ್ಟು 168, ಎರಡು ತುಂಡುಗಳ ನಡುವೆ ಒಂದು ಕೂದಲಷ್ಟೂ ಹೊಂದಿಕೆ ಉಳಿಯುವುದಿಲ್ಲ. ಮೂರು ತುಂಡು ಮಾಡಲೇಬೇಕು. ಆಗ ಪಕ್ಕಪಕ್ಕದ ತುಂಡುಗಳು 42 ಮಿ.ಮೀ.ನಷ್ಟು ಒಂದರ ಮೇಲೊಂದು ಬರುತ್ತವೆ, ಜೋಡಣೆ ಸಲೀಸು.

ಇದಕ್ಕೆ ಎಫ್‌ಎಚ್-869ಜಿ ಗಾಜಿನ ಹೋಲ್ಡರ್ ಬೇಕೇ ಬೇಕು. ಸ್ಕ್ಯಾನರ್ ಜೊತೆ ಬರುವ 869ಎಸ್‌ನಲ್ಲಿ ಗಾಜಿಲ್ಲ, ಫಿಲ್ಮಿನ ಎರಡು ಅಂಚನ್ನು ಕಚ್ಚಿ ಎಳೆಯುತ್ತದೆ ಅಷ್ಟೆ. 120 ಫಿಲ್ಮ್ ನಡುವೆ ಉಬ್ಬಿಕೊಳ್ಳುತ್ತದೆ. ಕೂಲ್‌ಸ್ಕ್ಯಾನ್ ಲೆನ್ಸಿಗೆ ಫೋಕಸ್ ಆಳ ಬಹಳ ಕಡಿಮೆ, ನಡು ಚೂಪಾಗಿ ಬಂದರೆ ಅಂಚು ಮಂಕು, ಅಂಚಿಗೆ ಹೊಂದಿಸಿದರೆ ನಡು ಮಂಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಜಿನ ಹೋಲ್ಡರ್ ಜೊತೆಗಿದೆಯೇ ಅಂತ ಮೊದಲು ಕೇಳಿ. ಅದಿಲ್ಲದ 9000 ಅಂದರೆ 120 ಫಿಲ್ಮಿಗೆ ಅರ್ಧ ಸ್ಕ್ಯಾನರ್.

ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ 120 ಒಂದು ಸಲಕ್ಕೆ 6×12 ತನಕ. ಫೋಕಸ್ ಖಾಯಂ, ಬದಲಾಯಿಸಲು ಬರುವುದಿಲ್ಲ. ಸುರುಳಿ ಬಿಡದ ಫಿಲ್ಮ್ ಹಾಕಿದರೆ ಅದನ್ನು ಸರಿಪಡಿಸುವ ದಾರಿ ಯಂತ್ರದಲ್ಲಿಲ್ಲ. 6×17 ಹಾಕುವ ಆಸೆಯಿದ್ದರೆ ಹೋಲ್ಡರಿನೊಳಗೆ ಅಷ್ಟುದ್ದದ ಪಟ್ಟಿಯನ್ನು ಸರಿಸಿ ಕೂರಿಸಲು ಬರುತ್ತದೆಯೇ ಅಂತ ಕಣ್ಣಾರೆ ನೋಡದೆ ಕೊಳ್ಳಬೇಡಿ. ರಿಫ್ಲೆಕ್ಟಾ ಎಂಎಫ್5000 ಕೂಡ 6×12 ತನಕವೇ, 3200 ಡಿಪಿಐ.

ವಿ850ರ 120 ಹೋಲ್ಡರ್ 20 ಸೆಂ.ಮೀ. ಉದ್ದದ ಪಟ್ಟಿಯನ್ನು ತೆಗೆದುಕೊಳ್ಳುತ್ತದೆ. 6×17 ಇಡಿಯಾಗಿ, ಒಂದೇ ಸಲಕ್ಕೆ. ಈ ಪಟ್ಟಿಯಲ್ಲಿ ಆ ಸೌಕರ್ಯ ಇರುವುದು ಅದೊಂದಕ್ಕೇ.

ಉದ್ದಚೌಕಟ್ಟು

ಹಾಗಾದರೆ 6×17ಕ್ಕೆ ಫ್ಲಾಟ್‌ಬೆಡ್, ಎಕ್ಸ್‌ಪ್ಯಾನ್‌ಗೆ ಬೇರೆ ಏನಾದರೂ. ಆದರೆ ವಿ850ರಲ್ಲಿ ಮಾಡಿದ ಒಂದು ಮಾದರಿ 6×17 ಸ್ಕ್ಯಾನ್ ಕೈಯಲ್ಲಿದೆ. ಎಡಬಲ ತುದಿಗಳು ಚೂಪು, ನಡುವಿನ ಮೂರನೇ ಒಂದು ಪಾಲು ಮೆತ್ತಗೆ. ಶಾರ್ಪನ್ ಮಾಡಿದರೆ ಗ್ರೇನ್ (ಫಿಲ್ಮಿನ ಕಣಗಳು) ಮಾತ್ರ ಎದ್ದು ಬರುತ್ತದೆ. ಇದು ಲೆನ್ಸಿನ ಮಿತಿಯೋ, ಫೋಕಸ್ಸೋ?

ಬೆಳ್ಳಿಹರಳು

ಲೆನ್ಸಿನ ಮಿತಿಯಾಗಿದ್ದರೆ ಇಡೀ ಚಿತ್ರ ಒಂದೇ ಸಮನೆ ಮೆತ್ತಗಾಗುತ್ತಿತ್ತು. ತುದಿ ಚೂಪು, ನಡು ಮಂಕು ಅಂದರೆ ಫಿಲ್ಮ್ ನಡುವೆ ಜೋತುಬಿದ್ದಿದೆ. 168 ಮಿ.ಮೀ. ಉದ್ದಕ್ಕೆ ಆಸರೆಯಿಲ್ಲದೆ ಯಾವ ಫಿಲ್ಮೂ ನೆಟ್ಟಗೆ ನಿಲ್ಲುವುದಿಲ್ಲ.

ಎರಡು ಕೆಲಸ, ಇದೇ ಕ್ರಮದಲ್ಲಿ ಮಾಡಿ. ಮೊದಲು ಚಪ್ಪಟೆ, ಆಮೇಲೆ ಎತ್ತರ. ಜೋತುಬಿದ್ದ ಫಿಲ್ಮಿಗೆ ಎತ್ತರ ಹೊಂದಿಸುತ್ತಾ ಕೂತರೆ ದಿನವಿಡೀ ಕೂತರೂ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುತ್ತೀರಿ.

ಚಪ್ಪಟೆ ಮಾಡಲು: ನೆಗೆಟಿವನ್ನು ಅದರ ಲಕೋಟೆಯಲ್ಲಿ ಹಾಕಿ, ದಪ್ಪ ಪುಸ್ತಕಗಳ ಕೆಳಗೆ ಸುರುಳಿಗೆ ವಿರುದ್ಧ ಮುಖವಾಗಿ ಎರಡು ಮೂರು ದಿನ ಬಿಡಿ. ಸ್ಕ್ಯಾನ್ ಮಾಡುವಾಗ ಉಬ್ಬು ಮೇಲಕ್ಕೆ ಬರುವಂತೆ ಹೋಲ್ಡರಿನಲ್ಲಿಟ್ಟು, ಮೇಲಿಂದ ಆ್ಯಂಟಿ-ನ್ಯೂಟನ್ ಗಾಜಿನ ಪಟ್ಟಿಯನ್ನು ಹೊರಿಸಿ. ಗಾಜಿನ ಭಾರವೇ ಫಿಲ್ಮನ್ನು ಒತ್ತಿ ಹಿಡಿಯುತ್ತದೆ. ಗಾಜಿನ ನುಣುಪಲ್ಲದ, ಉಜ್ಜಿದ ಮುಖ ಫಿಲ್ಮಿಗೆ ತಾಗಬೇಕು. ತಿರುಗಾಮುರುಗಾ ಇಟ್ಟರೆ ಕಾಮನಬಿಲ್ಲಿನಂಥ ಉಂಗುರಗಳು ಬರುತ್ತವೆ.

ಎತ್ತರ: ಹೋಲ್ಡರ್ ಬಳಸುವಾಗ ಕೆಲಸ ಮಾಡುವ ಲೆನ್ಸ್ ಗಾಜಿನ ಮೇಲ್ಮೈಯಿಂದ ಸುಮಾರು 3 ಮಿ.ಮೀ. ಮೇಲೆ ಫೋಕಸ್ ಆಗುತ್ತದೆ. ಸುಮಾರು ಅಂದೆ, ಯಾಕೆಂದರೆ ಪ್ರತಿ ಯಂತ್ರದಲ್ಲೂ ಅದು ತುಸು ಬೇರೆ. ವಿ850 ಹೋಲ್ಡರಿನ ಕಾಲುಗಳಿಗೆ ಐದು ಹಂತ ಇವೆ, ವಿ700ರದಕ್ಕೆ ಮೂರು. ಗ್ರೇನ್ ಚೆನ್ನಾಗಿ ಕಾಣುವ ಒಂದು ಕಪ್ಪುಬಿಳುಪು ನೆಗೆಟಿವ್ ಆರಿಸಿ, ಸಣ್ಣ ತುಂಡೊಂದನ್ನು ಐದೂ ಹಂತದಲ್ಲಿ 3200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಸಾಫ್ಟ್‌ವೇರಿನ ಶಾರ್ಪನಿಂಗ್ ಪೂರ್ತಿ ಬಂದ್ ಇರಲಿ. 100%ಗೆ ದೊಡ್ಡದು ಮಾಡಿ ಗ್ರೇನ್ ಹೋಲಿಸಿ. ಎರಡು ಹಂತಗಳ ನಡುವೆ ಎಲ್ಲೋ ಚೂಪಿದೆ ಅನಿಸಿದರೆ ಕಾಲಿನ ಕೆಳಗೆ ಕಾಗದದ ತುಂಡು ಸೇರಿಸಿ. ಮಾಮೂಲಿ 80 ಜಿಎಸ್‌ಎಂ ಕಾಗದ ಒಂದು ಹಾಳೆ 0.1 ಮಿ.ಮೀ. ದಪ್ಪ, ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. ನಾಲ್ಕು ಕಾಲಿಗೂ ಅಷ್ಟೇ ಹಾಳೆ.

ಸಿಕ್ಕ ಎತ್ತರವನ್ನು ಹೋಲ್ಡರಿನ ಮೇಲೆ ಬರೆದಿಡಿ. 35 ಮಿ.ಮೀ. ಹೋಲ್ಡರಿಗೆ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಬೇಕು, ಒಂದರ ಎತ್ತರ ಇನ್ನೊಂದಕ್ಕೆ ಹೊಂದುತ್ತದೆ ಅಂದುಕೊಳ್ಳಬೇಡಿ.

ಇನ್ನೊಂದು. ವಿ700 ಮತ್ತು ವಿ800 ಸಾಲಿನ ಯಂತ್ರಗಳಲ್ಲಿ ಎರಡು ಲೆನ್ಸ್ ಇವೆ. ಎಪ್ಸನ್ ಸ್ಕ್ಯಾನ್ ಸಾಫ್ಟ್‌ವೇರಿನಲ್ಲಿ ಫಿಲ್ಮ್ ಹೋಲ್ಡರ್ ಅಂತ ಆರಿಸಿದರೆ 6400ರ ಲೆನ್ಸ್, ಫಿಲ್ಮ್ ಏರಿಯಾ ಗೈಡ್ ಅಂತ ಆರಿಸಿದರೆ ಗಾಜಿನ ಮೇಲ್ಮೈಗೇ ಫೋಕಸ್ ಆಗುವ 4800ರ ಲೆನ್ಸ್. ಹೋಲ್ಡರಿನಲ್ಲಿ ಫಿಲ್ಮಿಟ್ಟು ಮೆನುವಿನಲ್ಲಿ ಏರಿಯಾ ಗೈಡ್ ಆರಿಸಿದರೆ ಎಷ್ಟು ಕಾಗದ ಇಟ್ಟರೂ ಚೂಪಾಗದು. ಮೆತ್ತಗಿದೆ ಅಂತ ದೂರುವವರು ಮೊದಲು ನೋಡಬೇಕಾದದ್ದು ಆ ಮೆನುವನ್ನು.

ಒದ್ದೆಗಾಜು

ನ್ಯೂಟನ್ ಉಂಗುರದ ಮಾತು ಬಂತು, ಅದಕ್ಕೆ ಕಾರಣ ಹೇಳಿಬಿಡುತ್ತೇನೆ. ಫಿಲ್ಮಿನ ಬೇಸ್ (ಪ್ಲಾಸ್ಟಿಕ್) ಕಡೆ ನುಣುಪು, ಎಮಲ್ಷನ್ (ಚಿತ್ರವಿರುವ ಪದರ) ಕಡೆ ಸ್ವಲ್ಪ ಮಂಕು. ನುಣುಪಾದ ಬೇಸು ನುಣುಪಾದ ಗಾಜಿಗೆ ತೀರಾ ಹತ್ತಿರವಾದಾಗ ನಡುವಿನ ಸಣ್ಣ ಗಾಳಿಪದರದಲ್ಲಿ ಬೆಳಕು ಹಿಂದುಮುಂದು ಪ್ರತಿಫಲಿಸಿ ಉಂಗುರ ಮೂಡುತ್ತದೆ. ಸಾದಾ ಗಾಜು ಬಳಸಲೇಬೇಕಾದರೆ ಅದು ಎಮಲ್ಷನ್ ಕಡೆಗಿರಲಿ. ಬೇಸ್ ಕಡೆಗೆ ಆ್ಯಂಟಿ-ನ್ಯೂಟನ್ ಗಾಜು ಅಥವಾ ಬರೀ ಗಾಳಿ.

ಇದಕ್ಕೆ ಬುಡಮಟ್ಟದ ಪರಿಹಾರ ವೆಟ್ ಮೌಂಟ್. ಗಾಳಿಯ ಜಾಗದಲ್ಲಿ ದ್ರವ ತುಂಬಿದರೆ ಉಂಗುರವೂ ಇಲ್ಲ, ಫಿಲ್ಮ್ ಜೋತುಬೀಳುವುದೂ ಇಲ್ಲ, ಬೇಸ್ ಮೇಲಿನ ಕೂದಲೆಳೆಯಂಥ ಗೀರುಗಳೂ ತುಂಬಿ ಮಾಯವಾಗುತ್ತವೆ. ಎಮಲ್ಷನ್ ಕಿತ್ತುಹೋದ ಗೀರು ಮಾತ್ರ ಹಾಗೇ ಉಳಿಯುತ್ತದೆ. ಅಲ್ಲಿ ಚಿತ್ರವೇ ಇಲ್ಲವಲ್ಲ.

ಫ್ಲಾಟ್‌ಬೆಡ್‌ಗೆ ಫ್ಲೂಯಿಡ್ ಮೌಂಟ್ ಟ್ರೇ ಸಿಗುತ್ತದೆ. ಟ್ರೇಯ ಗಾಜನ್ನು ಒರೆಸಿ, ಸ್ಕ್ಯಾನಿಂಗಿಗೆಂದೇ ಬರುವ ದ್ರವವನ್ನು, ಕಾಮಿ ಅಥವಾ ಲ್ಯೂಮಿನಾ, ಒಂದು ಗೆರೆಯಾಗಿ ಹಾಕಿ. ನೆಗೆಟಿವಿನ ಒಂದು ಅಂಚನ್ನು ದ್ರವಕ್ಕೆ ತಾಗಿಸಿ ನಿಧಾನ ಇಳಿಸುತ್ತಾ ಬನ್ನಿ, ದ್ರವವೇ ಮುಂದೆ ಮುಂದೆ ಹರಿದು ಗಾಳಿಯನ್ನು ಹೊರದೂಡುತ್ತದೆ. ಫಿಲ್ಮಿನ ಮೇಲೆ ಇನ್ನೊಂದು ಗೆರೆ ದ್ರವ, ಅದರ ಮೇಲೆ ಫಿಲ್ಮಿಗಿಂತ ಎಲ್ಲ ಕಡೆ ಒಂದೆರಡು ಸೆಂ.ಮೀ. ದೊಡ್ಡದಾದ ಪಾರದರ್ಶಕ ಮೈಲಾರ್ ಹಾಳೆ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇವರಿಸಿ ಗುಳ್ಳೆ ಓಡಿಸಿ. ದ್ರವ ಬೇಗ ಆರುತ್ತದೆ, ಆರುತ್ತಾ ಅಂಚಿನಿಂದ ಗಾಳಿ ಒಳನುಗ್ಗುತ್ತದೆ. ಹಾಗಾಗಿ ಪ್ರೀವ್ಯೂ, ಕ್ರಾಪ್, ಎಕ್ಸ್‌ಪೋಷರ್ ಎಲ್ಲ ಮೊದಲೇ ತೀರ್ಮಾನಿಸಿ ಕೂರಿಸಿದ ಕೂಡಲೇ ಸ್ಕ್ಯಾನ್ ಶುರು ಮಾಡಿ.

ದ್ರವ ಬೆಂಕಿ ಹೊತ್ತುವಂಥದ್ದು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಕಿಡಿ ಬೇಡ. ನೆಗೆಟಿವ್ ಮೇಲೆ ಶಾಯಿಯಿಂದ ತಿದ್ದಿದ ಗುರುತುಗಳಿದ್ದರೆ ಕರಗಬಹುದು, ಅಂಥವನ್ನು ದ್ರವವಿಲ್ಲದೆಯೇ ಸ್ಕ್ಯಾನ್ ಮಾಡಿ. ನೂರಾರು ನೆಗೆಟಿವ್‌ಗೆ ಇದು ಆಗದ ಕೆಲಸ. ಗೋಡೆಗೆ ಹೋಗುವ ಹತ್ತಿಪ್ಪತ್ತಕ್ಕೆ ಮಾತ್ರ.

ಮ್ಯಾಕ್ರೋಮೇಜು

ಕ್ಯಾಮೆರಾ ಕಾಪಿಯನ್ನು ಯಾರೂ ಸರಿಯಾಗಿ ಎತ್ತಿಕೊಂಡಿಲ್ಲ. ಎಕ್ಸ್‌ಪ್ಯಾನ್ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾ ಅಂದರೆ 6000×4000. ಎಕ್ಸ್‌ಪ್ಯಾನ್ ಚೌಕಟ್ಟನ್ನು ಒಂದೇ ಹೊಡೆತಕ್ಕೆ ತುಂಬಿಸಿದರೆ ಸುಮಾರು 2340 ಡಿಪಿಐ. ಫ್ಲಾಟ್‌ಬೆಡ್ಡಿಗೆ ಸಮ, ಲಾಭವಿಲ್ಲ. ಎರಡು ಹೊಡೆತದಲ್ಲಿ ತೆಗೆಯಿರಿ. ಪ್ರತಿ ಹೊಡೆತ ಫಿಲ್ಮಿನ ಮೇಲೆ 38×25 ಮಿ.ಮೀ. ಹಿಡಿಯುವಂತೆ ಮ್ಯಾಕ್ರೋ ಲೆನ್ಸನ್ನು 1:1ಕ್ಕಿಂತ ತುಸು ಹಿಂದೆ ನಿಲ್ಲಿಸಿ. ಎರಡು ಸೇರಿ 76, ಬೇಕಾದದ್ದು 65, ನಡುವೆ 11 ಮಿ.ಮೀ. ಹೊಂದಿಕೆ. 4000 ಡಿಪಿಐ ಬಂತು, ಜೋಡಿಸಿದ ಚಿತ್ರ ಹತ್ತಿರ ಹತ್ತಿರ 10260×3790. ಒಂದು ಮೀಟರಿಗೆ 260 ಡಿಪಿಐ. ಸಾಕೋ ಸಾಕು.

ಆದರೆ 6×6ನ್ನು ಅದೇ ಕ್ಯಾಮೆರಾದಲ್ಲಿ ಒಂದೇ ಹೊಡೆತಕ್ಕೆ ತೆಗೆಯಬೇಡಿ. ಚೌಕಕ್ಕೆ 4000 ಪಿಕ್ಸೆಲ್ಲಿನ ಕಡೆ ಮಾತ್ರ ಕೆಲಸಕ್ಕೆ ಬರುತ್ತದೆ, 1810 ಡಿಪಿಐಗೆ ಬಿದ್ದುಹೋಗುತ್ತೀರಿ. ಎರಡು ಹೊಡೆತ, ಉದ್ದನೆಯ ಕಡೆ ಫಿಲ್ಮಿನ ಅಗಲಕ್ಕೆ ಬರುವಂತೆ. ಒಂದೊಂದು ಹೊಡೆತ 60×40 ಮಿ.ಮೀ., 2540 ಡಿಪಿಐ. ಇದೇ ಅಳತೆಯಲ್ಲಿ 6×17ಕ್ಕೆ ಆರು ಹೊಡೆತ, ಪ್ರತಿ ಸಲ ಫಿಲ್ಮನ್ನು 26ರಿಂದ 28 ಮಿ.ಮೀ. ಸರಿಸಿ.

ಸರಿಸಬೇಕಾದದ್ದು ಫಿಲ್ಮನ್ನು ಮತ್ತು ಅದರ ಹೋಲ್ಡರನ್ನು, ಕ್ಯಾಮೆರಾವನ್ನಲ್ಲ. ಮೇಜಿನ ಮೇಲೆ ನೇರವಾದ ಪಟ್ಟಿಯೊಂದನ್ನು ಅಂಟಿಸಿ, ಹೋಲ್ಡರ್ ಅದಕ್ಕೆ ಒರಗಿಕೊಂಡೇ ಸರಿಯಲಿ. ಇಲ್ಲವಾದರೆ ಪ್ರತಿ ತುಂಡೂ ಒಂದೊಂದು ಕೋನಕ್ಕೆ ತಿರುಗಿ ಜೋಡಣೆಯಲ್ಲಿ ಅಂಚು ಹಾಳಾಗುತ್ತದೆ.

ಕ್ಯಾಮೆರಾ ಫಿಲ್ಮಿಗೆ ಸಮಾನಾಂತರವಾಗಿದೆಯೇ ನೋಡಲು ಫಿಲ್ಮಿನ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ವ್ಯೂಫೈಂಡರಿನಲ್ಲಿ ಲೆನ್ಸಿನ ಪ್ರತಿಬಿಂಬ ನಟ್ಟನಡುವೆ ಕಾಣಬೇಕು. ನೀರುಮಟ್ಟದ ಗುಳ್ಳೆಗಿಂತ ಇದು ಎಷ್ಟೋ ನಿಖರ.

ಅಪರ್ಚರ್ ಎಫ್ 5.6ರಿಂದ 8ರ ನಡುವೆ. ಹತ್ತಿರದ ಫೋಕಸಿನಲ್ಲಿ ಅದು ಕೆಲಸ ಮಾಡುವುದು ಇನ್ನೂ ಸಣ್ಣ ಕಿಂಡಿಯಾಗಿ: 1:1ರಲ್ಲಿ ಎಫ್ 8 ಅಂದರೆ ನಿಜಕ್ಕೆ ಎಫ್ 16ರಷ್ಟು. ಎಫ್ 11ಕ್ಕೆ ಹೋದರೆ ಡಿಫ್ರಾಕ್ಷನ್ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದು) ವಿವರವನ್ನು ತಿನ್ನುತ್ತದೆ. ಐಎಸ್‌ಒ 100, ರಾ ಫೈಲು, ಎಕ್ಸ್‌ಪೋಷರ್ ಮ್ಯಾನ್ಯುಯಲ್, ವೈಟ್ ಬ್ಯಾಲೆನ್ಸ್ ಮ್ಯಾನ್ಯುಯಲ್, ಫೋಕಸ್ ಮ್ಯಾನ್ಯುಯಲ್. ಒಂದು ಪನೋರಮಾದ ಎಲ್ಲ ಹೊಡೆತಗಳೂ ಅದೇ ಸೆಟ್ಟಿಂಗಿನಲ್ಲಿ.

ಬೆಳಕಿಗೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 95ಕ್ಕಿಂತ ಮೇಲಿನ ಎಲ್‌ಇಡಿ ಫಲಕ. ಫಿಲ್ಮನ್ನು ಫಲಕಕ್ಕೆ ತಾಗಿಸಬೇಡಿ, ಒಂದೆರಡು ಸೆಂ.ಮೀ. ಮೇಲಿರಲಿ, ಇಲ್ಲವಾದರೆ ಫಲಕದ ಮೇಲ್ಮೈಯ ಧೂಳು ಮತ್ತು ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ಚೌಕಟ್ಟಿನ ಸುತ್ತ ಉಳಿದ ಫಲಕವನ್ನು ಕಪ್ಪು ಕಾರ್ಡಿನಿಂದ ಮುಚ್ಚಿ. ಸುತ್ತಲಿನ ಬೆಳಕು ಲೆನ್ಸಿಗೆ ನುಗ್ಗಿದರೆ ಕಾಂಟ್ರಾಸ್ಟ್ ಕುಸಿಯುತ್ತದೆ, ಆಮೇಲೆ ಯಾವ ಸ್ಲೈಡರ್ ಎಳೆದರೂ ಅದು ವಾಪಸು ಬರುವುದಿಲ್ಲ. ಕೊಠಡಿಯ ದೀಪವೂ ಆರಿಸಿ.

ಕೆಂಪುದೀಪ

ಎಲ್ಲ ಒಪ್ಪಿದೆ, ಆದರೆ ಕಲರ್ ನೆಗೆಟಿವ್ ಬಂದಾಗ ಕ್ಯಾಮೆರಾಗೆ ಇಲ್ಲದ ಒಂದು ಅನುಕೂಲ ಸ್ಕ್ಯಾನರಿಗಿದೆ: ಇನ್‌ಫ್ರಾರೆಡ್. ಬಣ್ಣದ ಡೈಗಳು ಇನ್‌ಫ್ರಾರೆಡ್ ಬೆಳಕನ್ನು ಬಿಟ್ಟುಕೊಡುತ್ತವೆ, ಧೂಳು ಮತ್ತು ಗೀರು ತಡೆಯುತ್ತವೆ. ಆ ನಾಲ್ಕನೇ ಚಾನೆಲ್ ನೋಡಿ ಡಿಜಿಟಲ್ ಐಸ್ ಅನ್ನುವ ಸಾಫ್ಟ್‌ವೇರ್ ಧೂಳನ್ನು ಮಾತ್ರ ಅಳಿಸುತ್ತದೆ. 6×17 ಕಲರ್ ನೆಗೆಟಿವಿನ ಆಕಾಶದಲ್ಲಿ ಕೈಯಿಂದ ಒಂದೊಂದೇ ಚುಕ್ಕೆ ತೆಗೆಯುವ ಕೆಲಸ ಎಷ್ಟು ಹೊತ್ತು ತಿನ್ನುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಪ್ಪುಬಿಳುಪಿಗೆ ಇದು ನಡೆಯುವುದಿಲ್ಲ. ಬೆಳ್ಳಿಯೇ ಇನ್‌ಫ್ರಾರೆಡ್ಡನ್ನು ತಡೆಯುವುದರಿಂದ ಇಡೀ ಚಿತ್ರವನ್ನೇ ಧೂಳು ಅಂದುಕೊಂಡು ಅಂಚುಗಳನ್ನೆಲ್ಲ ಕಲಸಿಬಿಡುತ್ತದೆ. ಕಪ್ಪುಬಿಳುಪು ಹಾಕಿದಾಗ ಐಸ್ ಬಂದ್ ಮಾಡಿದ್ದೀರಾ ಅಂತ ಎರಡು ಸಲ ನೋಡಿ. ಇಲ್ಫರ್ಡ್ ಎಕ್ಸ್‌ಪಿ2ನಂಥದ್ದು ಮಾತ್ರ ಇದಕ್ಕೆ ಹೊರತು. ಅದು ಕಲರ್ ನೆಗೆಟಿವಿನಂತೆ ಸಿ-41 ರಾಸಾಯನಿಕದಲ್ಲಿ ತೊಳೆಯುವ ಫಿಲ್ಮ್, ಕೊನೆಗೆ ಉಳಿಯುವುದು ಡೈ, ಬೆಳ್ಳಿಯಲ್ಲ.

ಹ್ಯಾಸೆಲ್‌ಬ್ಲಾಡ್‌ನ ದುಬಾರಿ ಫ್ಲೆಕ್ಸ್‌ಟೈಟ್ ಸ್ಕ್ಯಾನರುಗಳಲ್ಲಿ ಇನ್‌ಫ್ರಾರೆಡ್ ಇಲ್ಲ. ಅಷ್ಟು ದೊಡ್ಡ ಯಂತ್ರದಲ್ಲಿ ಇದ್ದೇ ಇರುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ.

ಉದ್ದಚೌಕಟ್ಟು

ನೆಗೆಟಿವಿನಲ್ಲಿ ಮುಕ್ಕಾಲು ಪಾಲು ಕಪ್ಪುಬಿಳುಪೇ ಆದ್ದರಿಂದ ಐಸ್ ನನ್ನ ತೀರ್ಮಾನವನ್ನು ಬದಲಿಸುವುದಿಲ್ಲ. ಎರಡು ಅನುಮಾನ ಉಳಿದಿವೆ. ಡಿಮ್ಯಾಕ್ಸ್ (ಸ್ಕ್ಯಾನರ್ ಓದಬಲ್ಲ ಅತಿ ದಟ್ಟ ಜಾಗದ ಅಳತೆ) 4.0 ಅನ್ನುವ ಅಂಕಿಗೆ ಎಷ್ಟು ಬೆಲೆ ಕೊಡಬೇಕು? ಮತ್ತೆ, ತುಂಡುಗಳಲ್ಲಿ ತೆಗೆದ ಪನೋರಮಾದ ಆಕಾಶದಲ್ಲಿ ಜೋಡಣೆಯ ಜಾಗದಲ್ಲಿ ಪಟ್ಟೆ ಕಾಣದಂತೆ ಮಾಡುವುದು ಹೇಗೆ?

ಬೆಳ್ಳಿಹರಳು

ಡಿಮ್ಯಾಕ್ಸ್ ನೆಗೆಟಿವ್‌ಗೆ ದೊಡ್ಡ ವಿಷಯವಲ್ಲ. ಸರಿಯಾಗಿ ತೊಳೆದ ಕಪ್ಪುಬಿಳುಪು ನೆಗೆಟಿವಿನ ಅತಿ ದಟ್ಟ ಜಾಗವೂ 2ರ ಆಸುಪಾಸು, ಕಲರ್ ನೆಗೆಟಿವ್ ಕಿತ್ತಳೆ ಮುಖವಾಡ ಸೇರಿ 3ರ ಒಳಗೆ. ಸ್ಲೈಡಿನ ನೆರಳು 3.5 ದಾಟುತ್ತದೆ, ಫ್ಲಾಟ್‌ಬೆಡ್ ಸೋಲುವುದು ಅಲ್ಲಿ. ನಿಮ್ಮಲ್ಲಿ ಸ್ಲೈಡ್ ಬೆರಳೆಣಿಕೆಯಷ್ಟಿದ್ದರೆ ಅವನ್ನು ಹೊರಗೆ ಡ್ರಮ್ ಸ್ಕ್ಯಾನಿಗೆ ಕೊಡಿ, ಅದಕ್ಕಾಗಿ ಯಂತ್ರ ಕೊಳ್ಳಬೇಡಿ.

ಅಡ್ಡಪಟ್ಟಿ

ಪಟ್ಟೆಗೆ ಮೂರು ಕಾರಣ ಇರಬಹುದು, ಮೂರಕ್ಕೂ ಬೇರೆ ಬೇರೆ ಮದ್ದು.

ಸ್ಕ್ಯಾನರಿನಲ್ಲಾದರೆ ಮುಖ್ಯ ಅಪರಾಧಿ ಆಟೋ ಎಕ್ಸ್‌ಪೋಷರ್. ಒಂದು ತುಂಡಿನಲ್ಲಿ ಆಕಾಶ ಹೆಚ್ಚು, ಇನ್ನೊಂದರಲ್ಲಿ ಮರ ಹೆಚ್ಚು, ಸಾಫ್ಟ್‌ವೇರ್ ಎರಡಕ್ಕೂ ಬೇರೆ ಬೇರೆ ಬೆಳಕು ಕೊಡುತ್ತದೆ. ವ್ಯೂಸ್ಕ್ಯಾನ್ ಸಾಫ್ಟ್‌ವೇರಿನಲ್ಲಿ ಹೀಗೆ: ಚಿತ್ರವಿಲ್ಲದ ಖಾಲಿ ಫಿಲ್ಮ್ ಅಂಚನ್ನು ಕ್ರಾಪಿನಲ್ಲಿ ಹಿಡಿದು ಪ್ರೀವ್ಯೂ ಮಾಡಿ, ಲಾಕ್ ಎಕ್ಸ್‌ಪೋಷರ್ ಹಾಕಿ, ಮತ್ತೆ ಪ್ರೀವ್ಯೂ ಮಾಡಿ, ಆಮೇಲೆ ಲಾಕ್ ಫಿಲ್ಮ್ ಬೇಸ್ ಕಲರ್. ಅಲ್ಲಿಂದ ಮುಂದೆ ಆ ರೋಲಿನ ಎಲ್ಲ ತುಂಡುಗಳೂ ಒಂದೇ ಅಳತೆಗೆ ಬರುತ್ತವೆ.

ಕ್ಯಾಮೆರಾದಲ್ಲಾದರೆ ಲೆನ್ಸಿನ ಮೂಲೆ ಕಪ್ಪಾಗುವುದು ಮತ್ತು ಫಲಕದ ಬೆಳಕು ಎಲ್ಲ ಕಡೆ ಸಮವಿಲ್ಲದಿರುವುದು. ಕೆಲಸ ಮುಗಿದ ಮೇಲೆ ಏನನ್ನೂ ಕದಲಿಸದೆ, ಫಿಲ್ಮ್ ಮಾತ್ರ ತೆಗೆದು, ಖಾಲಿ ಬೆಳಕಿನ ಒಂದು ಹೊಡೆತ ತೆಗೆಯಿರಿ. ಎಲ್ಲ ತುಂಡುಗಳನ್ನೂ ಅದರಿಂದ ಫ್ಲಾಟ್ ಫೀಲ್ಡ್ ತಿದ್ದುಪಡಿ ಮಾಡಿ. ಹಾಗೇ ನೋಡಿದಾಗ ಕಣ್ಣಿಗೆ ಬೀಳದ ಸಣ್ಣ ವ್ಯತ್ಯಾಸವೂ ನೆಗೆಟಿವನ್ನು ಪಾಸಿಟಿವ್‌ಗೆ ತಿರುಗಿಸಿ ಕಾಂಟ್ರಾಸ್ಟ್ ಏರಿಸಿದ ಮೇಲೆ ಆಕಾಶದಲ್ಲಿ ಪಟ್ಟೆಯಾಗಿ ನಿಲ್ಲುತ್ತದೆ.

ಮೂರನೆಯದು, ತುಂಡುಗಳನ್ನು ಮೊದಲು ಪಾಸಿಟಿವ್ ಮಾಡಿ ಆಮೇಲೆ ಜೋಡಿಸುವ ಅಭ್ಯಾಸ. ತಿರುಗಿಸುವ ಸಾಫ್ಟ್‌ವೇರ್ ಪ್ರತಿ ತುಂಡಿಗೂ ತನ್ನದೇ ಲೆಕ್ಕ ಹಾಕುತ್ತದೆ. ನೆಗೆಟಿವ್ ಆಗಿಯೇ, 16 ಬಿಟ್ಟಿನಲ್ಲಿ ಜೋಡಿಸಿ. ಇಡೀ ಚಿತ್ರ ಒಂದಾದ ಮೇಲೆ ಒಂದೇ ಸಲ ತಿರುಗಿಸಿ.

ಜೋಡಿಸುವ ಸಾಫ್ಟ್‌ವೇರ್ ಬಗ್ಗೆ: ಇವು ಹುಟ್ಟಿರುವುದು ಕ್ಯಾಮೆರಾ ನಿಂತಲ್ಲೇ ತಿರುಗಿ ತೆಗೆದ ಪನೋರಮಾಗಳಿಗೆ. ಚಪ್ಪಟೆ ಫಿಲ್ಮನ್ನು ಅವಕ್ಕೆ ಸುಮ್ಮನೆ ಕೊಟ್ಟರೆ ದಿಗಂತವನ್ನು ಬಿಲ್ಲಿನಂತೆ ಬಗ್ಗಿಸುತ್ತವೆ. ಫೋಟೋಶಾಪ್ ಫೋಟೋಮರ್ಜಿನಲ್ಲಿ ಆಟೋ ಬಿಟ್ಟು ರೀಪೊಸಿಷನ್ ಆರಿಸಿ. ಹ್ಯುಗಿನ್‌ನಲ್ಲಿ ಯಾ (yaw), ಪಿಚ್ ಅನ್ನುವ ತಿರುಗುವ ಕೋನಗಳ ಬದಲು ಎಕ್ಸ್, ವೈ, ಝೆಡ್ ದಿಕ್ಕಿನ ಸರಿದಾಟವನ್ನು ಆಪ್ಟಿಮೈಸ್ ಮಾಡಿ. ಬರೀ ಆಕಾಶವಿರುವ ಕಡೆ ಗುರುತು ಸಿಗದಿದ್ದರೆ ಫಿಲ್ಮ್ ಅಂಚಿನ ಅಕ್ಷರ ಮತ್ತು ಅಂಕಿಗಳ ಮೇಲೆ ಕೈಯಿಂದ ಕಂಟ್ರೋಲ್ ಪಾಯಿಂಟ್ ಹಾಕಿ. ಅದಕ್ಕಾಗಿಯೇ ಚೌಕಟ್ಟಿಗಿಂತ ಸ್ವಲ್ಪ ಹೊರಗಿನ ಅಂಚೂ ಸೇರುವಂತೆ ತೆಗೆಯುವುದು ಒಳ್ಳೆಯದು.

ಎಕ್ಸ್‌ಪ್ಯಾನ್ ಬಳಸುವವರಿಗೆ ಒಂದು ಎಚ್ಚರಿಕೆ. 35 ಮಿ.ಮೀ.ಗೆಂದೇ ಇರುವ ಸ್ಕ್ಯಾನರಿನ ಹೋಲ್ಡರಿನಲ್ಲಿ ಪ್ರತಿ 36 ಮಿ.ಮೀ.ಗೆ ಒಂದು ಅಡ್ಡಪಟ್ಟಿ ಇದ್ದರೆ ಅದು ನಿಮ್ಮ ಪನೋರಮಾದ ನಟ್ಟನಡುವೆ ಬಂದು ಕೂರುತ್ತದೆ. ಎರಡು ಸಲ ಸ್ಕ್ಯಾನ್ ಮಾಡಿದರೂ ಹೊಂದಿಕೆ 7 ಮಿ.ಮೀ. ಮಾತ್ರ. ಹೋಲ್ಡರಿನ ಚಿತ್ರ ನೋಡದೆ ಕೊಳ್ಳಬೇಡಿ. ಕೂಲ್‌ಸ್ಕ್ಯಾನ್ 9000ರ ಗಾಜಿನ ಹೋಲ್ಡರಿನಲ್ಲಿ 35 ಮಿ.ಮೀ. ಪಟ್ಟಿಯನ್ನಿಟ್ಟು 6×9 ಅಂತ ಹೇಳಿ ಸ್ಕ್ಯಾನ್ ಮಾಡಿ ಕ್ರಾಪ್ ಮಾಡಬಹುದು, ಸುತ್ತಲಿನ ಖಾಲಿ ಗಾಜನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಸಾಕು. ಎಪ್ಸನ್ ಸ್ಕ್ಯಾನಿನಲ್ಲಿ ಥಂಬ್‌ನೇಲ್ ಆಯ್ಕೆಯನ್ನು ತೆಗೆಯಿರಿ, ಇಲ್ಲವಾದರೆ ಅದು ಪನೋರಮಾವನ್ನು ಮಾಮೂಲಿ ಚೌಕಟ್ಟುಗಳಾಗಿ ಕತ್ತರಿಸಿ ತೋರಿಸುತ್ತದೆ.

ಮ್ಯಾಕ್ರೋಮೇಜು

ಫ್ಲಾಟ್ ಫೀಲ್ಡ್ ಬಗ್ಗೆ ಒಂದು ಸೇರ್ಪಡೆ: ಆ ಖಾಲಿ ಹೊಡೆತಕ್ಕೆ ಎಕ್ಸ್‌ಪೋಷರ್ ಕಡಿಮೆ ಮಾಡಿ, ಆದರೆ ಷಟರ್ ವೇಗದಿಂದ ಮಾತ್ರ. ಅಪರ್ಚರ್ ಮುಟ್ಟಿದರೆ ಮೂಲೆಯ ಕಪ್ಪಿನ ಆಕಾರವೇ ಬದಲಾಗಿ ತಿದ್ದುಪಡಿ ತಪ್ಪುತ್ತದೆ. ಎಲೆಕ್ಟ್ರಾನಿಕ್ ಷಟರಿನಲ್ಲಿ ಎಲ್‌ಇಡಿಯ ಮಿನುಗು ಅಡ್ಡಗೆರೆಗಳಾಗಿ ಬರುವುದುಂಟು. ಷಟರನ್ನು 1/15 ಸೆಕೆಂಡಿಗಿಂತ ನಿಧಾನ ಇಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಕೆಂಪುದೀಪ

ಕೂಲ್‌ಸ್ಕ್ಯಾನ್ ಆಸೆ ಇನ್ನೂ ಇದ್ದರೆ ಎರಡು ಮಾತು. ಅದು ಫೈರ್‌ವೈರ್ ಅನ್ನುವ ಹಳೆಯ ಕೇಬಲ್ ಸಂಪರ್ಕದ ಯಂತ್ರ, ನಿಕಾನ್ ಅದನ್ನು ಕೈಬಿಟ್ಟು ಬಹಳ ವರ್ಷವಾಯಿತು. ಹೊಸ ಕಂಪ್ಯೂಟರಿನ ಜೊತೆ ಹೋರಾಡುವುದಕ್ಕಿಂತ ಫೈರ್‌ವೈರ್ ಕಾರ್ಡಿರುವ ಹಳೆಯ ಯಂತ್ರವೊಂದನ್ನು ಅದಕ್ಕೆಂದೇ ಇಟ್ಟು, ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ಹಾಕಿ. ಎರಡನೆಯದು, ಒಳಗಿನ ಕನ್ನಡಿಯ ಮೇಲೆ ಧೂಳು ಕೂತರೆ ಬೆಳಕಿನ ಜಾಗಗಳ ಸುತ್ತ ಮಂಜಿನಂಥ ಹೊಳಪು ಬರುತ್ತದೆ. ಕೊಳ್ಳುವ ಮುಂಚೆ ಕಪ್ಪು ಚೌಕಟ್ಟಿನ ಪಕ್ಕದಲ್ಲೇ ತೀರಾ ಬಿಳಿ ಇರುವ ಸ್ಲೈಡೊಂದನ್ನು ಸ್ಕ್ಯಾನ್ ಮಾಡಿಸಿ ಅಂಚು ನೋಡಿ. ಉದ್ದುದ್ದ ಪಟ್ಟೆಗಳು ಕಂಡರೆ ಸೂಪರ್ ಫೈನ್ ಸ್ಕ್ಯಾನ್ ಹಾಕಿ ಮತ್ತೆ ನೋಡಿ. ಆಗ ಮೂರು ಸಾಲು ಸೆನ್ಸರಿನಲ್ಲಿ ಒಂದೇ ಸಾಲು ಕೆಲಸ ಮಾಡುತ್ತದೆ, ಪಟ್ಟೆ ಹೋಗುತ್ತದೆ, ಹೊತ್ತು ಮಾತ್ರ ಮೂರು ಪಟ್ಟು.

ಉದ್ದಚೌಕಟ್ಟು

ಹಾಗಾದರೆ ಹೀಗೆ ಮಾಡುತ್ತೇನೆ: 6×6, 6×9, 6×17 ಮೂರಕ್ಕೂ ವಿ850, ಜೊತೆಗೆ ಆ್ಯಂಟಿ-ನ್ಯೂಟನ್ ಗಾಜು. ಎಕ್ಸ್‌ಪ್ಯಾನಿಗೆ ಕ್ಯಾಮೆರಾ, ಎರಡು ಹೊಡೆತ. ಸ್ಲೈಡ್ ಹೊರಗೆ. 6×17ನ್ನು ಫ್ಲಾಟ್‌ಬೆಡ್ಡಿನಲ್ಲಿ ಯಾವ ಡಿಪಿಐಗೆ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬೇಕು? 6400 ಹಾಕಿದರೆ ಫೈಲ್ ತೆರೆಯುವುದೇ ಇಲ್ಲ.

ಬೆಳ್ಳಿಹರಳು

3200ಕ್ಕೆ ಸ್ಕ್ಯಾನ್ ಮಾಡಿ, 2400ಕ್ಕೆ ಇಳಿಸಿ ಇಟ್ಟುಕೊಳ್ಳಿ. 3200ರಲ್ಲಿ ಅದು 21165×7055, ಹತ್ತಿರ ಹತ್ತಿರ 150 ಮೆಗಾಪಿಕ್ಸೆಲ್. 48 ಬಿಟ್ ಬಣ್ಣದಲ್ಲಿ 900 ಎಂಬಿ, 16 ಬಿಟ್ ಗ್ರೇಸ್ಕೇಲಿನಲ್ಲಿ 300. ಕಪ್ಪುಬಿಳುಪನ್ನು ಗ್ರೇಸ್ಕೇಲಿನಲ್ಲೇ ಮಾಡಿ. 2400ಕ್ಕೆ ಇಳಿಸಿದಾಗ ಗ್ರೇನ್ ತುಸು ಮೃದುವಾಗುತ್ತದೆ, ವಿವರ ಒಂದಿಷ್ಟೂ ಹೋಗುವುದಿಲ್ಲ, ಯಾಕೆಂದರೆ ಆ ಲೆನ್ಸ್ ಕೊಟ್ಟದ್ದೇ 2300. ಶಾರ್ಪನಿಂಗ್ ಇಳಿಸಿದ ಮೇಲೆ, ರೇಡಿಯಸ್ 1 ಪಿಕ್ಸೆಲ್ಲಿನ ಆಸುಪಾಸು. ಟಿಫ್ ಆಗಿ ಇಡಿ, ಜೆಪೆಗ್ ಬೇಡ.

ಹೋಲ್ಡರಿನ ಮೇಲೆ ಗಾಜು ಹೊರಿಸುವಾಗ ಒಂದನ್ನು ಗಮನಿಸಿ. ಹೋಲ್ಡರಿನ ಒಂದು ತುದಿಯಲ್ಲಿ ಖಾಲಿ ಕಿಂಡಿಯಿದೆ, ಸ್ಕ್ಯಾನರ್ ತನ್ನ ಬೆಳಕನ್ನು ಅಳೆದುಕೊಳ್ಳುವುದು ಅದರ ಮೂಲಕ. ಗಾಜಿನ ಪಟ್ಟಿಯ ಅಂಚು ಅದರ ಮೇಲೆ ಬಂದರೆ, ಅಥವಾ ಅಲ್ಲಿ ಒಂದು ಧೂಳಿನ ಕಣ ಕೂತರೆ, ಇಡೀ 6×17ರ ಉದ್ದಕ್ಕೂ ಒಂದು ಬಣ್ಣದ ಗೆರೆ ಎಳೆದಂತೆ ಬರುತ್ತದೆ. ಗೆರೆ ಕಂಡರೆ ನೆಗೆಟಿವ್ ಒರೆಸಲು ಹೋಗಬೇಡಿ, ಆ ಕಿಂಡಿಯ ಕೆಳಗಿನ ಗಾಜು ಒರೆಸಿ.